ಗದ್ದೆ, ಗಡಿ, ಪಂಚಾಯ್ತಿ: ನಮ್ಮ ಕರಾವಳಿಯ ಮಾಜಿ ಸೈನಿಕರ ಮೂರನೇ ಕೆಲಸ

[ದೃಶ್ಯ: ಕಾರವಾರದ ಕಡಲತೀರ, ಯುದ್ಧನೌಕೆ, ರಾಣೆ ಅವರ ಪ್ರತಿಮೆ]

ನಮಸ್ಕಾರ. ಕಾರವಾರದ ಟಾಗೋರ್ ಬೀಚಿಗೆ ಹೋದವರು ಚಾಪೆಲ್ ಯುದ್ಧನೌಕೆ ನೋಡದೆ ಬರುವುದಿಲ್ಲ. ಅದರ ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಇದೆ. ಅವರ ಮನೆತನ ಇಲ್ಲೇ ಚೆಂಡಿಯಾದ್ದು. ಇದುವರೆಗೆ ಪರಮವೀರ ಚಕ್ರ ಸಿಕ್ಕಿರುವುದು 21 ಜನರಿಗೆ ಮಾತ್ರ. ಅದರಲ್ಲಿ 14 ಮರಣೋತ್ತರ. ಬದುಕಿದ್ದಾಗಲೇ ಪಡೆದ 7 ಜನರಲ್ಲಿ ರಾಣೆ ಒಬ್ಬರು.

1948ರ ಏಪ್ರಿಲ್. ನಮ್ಮ ಸೇನೆ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿ ಕಡೆ ಹೊರಟಿತ್ತು. ದಾರಿಯಲ್ಲಿ ಮೈನುಗಳು, ಅಂದರೆ ನೆಲದಲ್ಲಿ ಹೂತಿಟ್ಟ ಸ್ಫೋಟಕಗಳು, ಅಡ್ಡ ಕೆಡವಿದ ಪೈನ್ ಮರಗಳು, ಗುಡ್ಡದ ಮೇಲಿಂದ ಗುಂಡಿನ ದಾಳಿ. ರಾಣೆ ಅವರ ತೊಡೆಗೂ ಪೆಟ್ಟಾಯಿತು. ಆದರೂ ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತಾ ಅವರು ದಾರಿ ಬಿಡಿಸಿದರು. ಗುಂಡು ಹಾರಿಸುವುದಕ್ಕಿಂತ ಜಾಸ್ತಿ ಅವರು ಮಾಡಿದ್ದು ರಸ್ತೆ ಕೆಲಸ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಆದರೆ ಇವತ್ತು ಹೇಳಬೇಕಿರುವುದು ಪ್ರತಿಮೆ ಇಲ್ಲದವರ ಬಗ್ಗೆ. ಸೇನೆಯಿಂದ ಊರಿಗೆ ಬಂದು, ಗದ್ದೆ ಮಾಡಿಕೊಂಡು, ಪಂಚಾಯ್ತಿಗೂ ಆರಿಸಿ ಬಂದವರು.

ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಒಬ್ಬ ಹುಡುಗ ಅಂದುಕೊಳ್ಳಿ. 1963ರಲ್ಲಿ, 18 ವರ್ಷಕ್ಕೇ ಭರ್ತಿಯಾದ. 1965ರ ಯುದ್ಧ ಕಂಡ, 1971ರದ್ದೂ ಕಂಡ. ಆಗ ಕರಾವಳಿಗೆ ರೈಲೇ ಇಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿದ್ದು 1998ರಲ್ಲಿ. ರಜೆ ಸಿಕ್ಕರೆ ಹುಬ್ಬಳ್ಳಿಯಲ್ಲಿ ಇಳಿದು, ಕಬ್ಬಿಣದ ಟ್ರಂಕು ಬಸ್ಸಿನ ಮೇಲೆ ಹಾಕಿ, ದೇವಿಮನೆ ಘಟ್ಟ ಇಳಿದು ಮನೆ ಸೇರಬೇಕು. 15 ವರ್ಷ ಸೇವೆ ಮುಗಿದರೆ ಪಿಂಚಣಿ. ಅಂದರೆ 33ನೇ ವಯಸ್ಸಿಗೆ ನಿವೃತ್ತಿ! ಮುಂದೆ ಇಡೀ ಆಯುಷ್ಯ ಬಾಕಿ ಇದೆ.

[ದೃಶ್ಯ: ಗಜನಿ ಗದ್ದೆ, ಮಣ್ಣಿನ ದಂಡೆ, ನೀರಿನ ಬಾಗಿಲು]

ಕಾಯುತ್ತಿದ್ದದ್ದು ಗಜನಿ ಗದ್ದೆ. ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಳೆ ಸಮುದ್ರ ಸೇರುವ ಕಡೆ ಉಬ್ಬರ ಬಂದಾಗ ಉಪ್ಪುನೀರು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಜೇಡಿಮಣ್ಣಿನ ದಂಡೆ, ನೀರು ಬಿಡಲು ಮರದ ಬಾಗಿಲು. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ನೆರೆಯಲ್ಲಿ ಮುಳುಗಿದರೂ ತಡೆದುಕೊಳ್ಳುವ ತಳಿ ಅದು. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ, ಕೊಳೆತ ಹುಲ್ಲಿನ ಆಸರೆಯಲ್ಲಿ ಸಿಗಡಿ, ಮೀನು ಬೆಳೆಯುತ್ತವೆ.

ಇಲ್ಲೊಂದು ಮುಖ್ಯ ವಿಷಯ ಇದೆ. ದಂಡೆ ಒಬ್ಬನ ಗದ್ದೆಯ ಹತ್ತಿರ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ‘ನನ್ನ ಪಾಲಿನದು ಸರಿ ಇದೆ, ಉಳಿದವರದ್ದು ನನಗ್ಯಾಕೆ’ ಅನ್ನುವ ಹಾಗೇ ಇಲ್ಲ. ದಂಡೆ ಕಟ್ಟುವುದು, ಬಾಗಿಲು ನೋಡಿಕೊಳ್ಳುವುದು, ಯಾವಾಗ ನೀರು ಬಿಡಬೇಕು ಅಂತ ತೀರ್ಮಾನ ಮಾಡುವುದು, ಎಲ್ಲವೂ ಕೂಡಿಯೇ ಆಗಬೇಕು. ಪಲ್ಟನ್‌ನಲ್ಲಿ ಪಳಗಿದವನಿಗೆ ಈ ಕೆಲಸ ಬೇಗ ಒಗ್ಗುತ್ತದೆ, ಅಲ್ವಾ?

ಪಂಚಾಯ್ತಿಯ ದಾರಿ ಶುರುವಾಗುವುದೇ ಇಲ್ಲಿಂದ. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದ ಕಾಲದಲ್ಲಿ ಮಂಡಲ ಪಂಚಾಯ್ತಿ ಬಂತು, 1987ರಲ್ಲಿ ಚುನಾವಣೆ. ಊರೂರಿಗೆ ಬೋರ್‌ವೆಲ್ ಕೊಡಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು ಇವರೇ. ನಮ್ಮ ಹುಡುಗನಿಗೆ ಆಗ 42. ಮುಂದೆ 1993ರ ಕಾಯ್ದೆಯಲ್ಲಿ ಈಗಿನ ಗ್ರಾಮ ಪಂಚಾಯ್ತಿ ಬಂತು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, 5 ವರ್ಷದ ಅವಧಿ, ಪಕ್ಷದ ಚಿಹ್ನೆ ಇಲ್ಲ.

400 ಜನ ಅಂದರೆ ಎಲ್ಲರೂ ಪರಿಚಯದವರೇ. ಅದೇ ಕಷ್ಟ. ಯಾರ ಮನೆ ದಾರಿಗೆ ಮೊದಲು ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆ? ಬಾವಿ ಯಾರ ಕೇರಿಗೆ? ವಿಧವಾ ವೇತನದ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಸೇನೆಯಲ್ಲಿ ಮೇಲಿಂದ ಆದೇಶ ಬರುತ್ತದೆ. ಇಲ್ಲಿ ಸೋದರಮಾವನನ್ನೂ ಒಪ್ಪಿಸಬೇಕು, ಹೋದ ವರ್ಷ ಜಗಳ ಆಡಿದ ನೆರೆಮನೆಯವನನ್ನೂ ಒಪ್ಪಿಸಬೇಕು. ಮೂರು ಕೆಲಸಗಳಲ್ಲಿ ಜಾಸ್ತಿ ತಾಳ್ಮೆ ಕೇಳುವುದು ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮಳೆಗಾಲದಲ್ಲಿ ಪುಸ್ತಕದ ಚೀಲ ಎದೆಗೆ ಅವಚಿಕೊಂಡು ಹಳ್ಳ ದಾಟುವ ಮಗುವಿಗೆ ಒಂದು ಕಾಲುಸಂಕ ಅಂದರೆ ಏನು ಅಂತ ಹೇಳಬೇಕೇ? ಅದನ್ನು ಮಾಡಿಸಿಕೊಟ್ಟವರಿಗೆ ಪದಕ ಇಲ್ಲ.

ದಾಖಲೆ ಮಾತ್ರ ಇದೆ. ಪಂಚಾಯ್ತಿಯ ನಡಾವಳಿ ಪುಸ್ತಕದಲ್ಲಿ ಯಾವ ಸಭೆಯಲ್ಲಿ ಯಾವ ಠರಾವು ಆಯಿತು ಅಂತ ಬರೆದಿರುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, ನಕಲು ಕೇಳಿ. ನಿಮ್ಮೂರಿನಲ್ಲಿ ಇಂಥ ಮಾಜಿ ಸೈನಿಕರು ಈಗಲೂ ಇದ್ದರೆ ಆ ಹಾಳೆ ಹಿಡಿದುಕೊಂಡು ಅವರ ಜಗುಲಿಗೆ ಹೋಗಿ ಕೂತುಕೊಳ್ಳಿ. ಯುದ್ಧದ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ನೀವು ಆ ಕಾಲುಸಂಕದ ಬಗ್ಗೆ ಕೇಳಿ.