ಅಪರೂಪದ ಕಾರ್ಡಿಗೆ ಸಾಧಾರಣ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ ಹಳೆಯ ಕಂಪ್ಯೂಟರು. ಹಳೆಯದು ಅಂದ ತಕ್ಷಣ ರೇಡಿಯೊದ ಕಿವಿ ತಿರುವಬೇಡಿ. ನಿಮ್ಮ ಅಟ್ಟದ ಮೇಲೆ, ಅಪ್ಪನ ಆಫೀಸಿನ ಮೂಲೆಯಲ್ಲಿ, ಮುಚ್ಚಿಹೋದ ಯಾವುದೋ ಪ್ರೆಸ್ಸಿನ ಕಪಾಟಿನಲ್ಲಿ ಒಂದು ಹಸಿರು ಹಲಗೆ ಬಿದ್ದಿರಬಹುದು. ಅದರ ಹೆಸರು ಜಿಸ್ಟ್ ಕಾರ್ಡು, ಹಳೆಯ ಕಂಪ್ಯೂಟರಿನ ಪರದೆಗೆ ಕನ್ನಡ ತರುತ್ತಿದ್ದ ಹಲಗೆ. ಅದು ಸಿಕ್ಕವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಇದನ್ನು ಯಾವ ಕಂಪ್ಯೂಟರಿಗೆ ಹಾಕಲಿ?"

ಉತ್ತರ ಈಗಲೇ ಹೇಳಿಬಿಡುತ್ತೇನೆ. ಕಾರ್ಡು ಅಪರೂಪದ್ದಾದರೆ ಕಂಪ್ಯೂಟರು ಸಾಧಾರಣದ್ದಿರಲಿ. ಹಾಳಾದರೆ ಇನ್ನೊಂದು ತರಬಹುದು, ಅಂಥದ್ದಿರಲಿ. ಅಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಈ ಕಾರ್ಡು ಏನು ಅಂತ ಹೇಳಬೇಕು. 1981ರಲ್ಲಿ ಐಬಿಎಂ ಪಿಸಿ ಬಂತು. ಅದರ ಪರದೆಯ ಮೇಲೆ ಅಡ್ಡಕ್ಕೆ 80 ಮನೆ, ಉದ್ದಕ್ಕೆ 25 ಸಾಲು. ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿಗೆ ಇದು ಸಾಕು. ನಮಗೆ ಸಾಕಾ? ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ದೀರ್ಘ ಪಕ್ಕದ ಮನೆಗೆ ಕಾಲು ಚಾಚುತ್ತದೆ. ಥಾಯ್ ಭಾಷೆಯವರಿಗೂ ಇದೇ ಕಷ್ಟ ಇತ್ತು. ವಾನ್ ಸುವನ್ನುಕುಲ್ ಅನ್ನುವವರು ತಮ್ಮ ಪ್ರಬಂಧವನ್ನು ಪಿಸಿಯಲ್ಲಿ ಥಾಯ್ ಲಿಪಿಯಲ್ಲಿ ಬರೆಯಬೇಕು ಅಂತ ಹೊರಟು, 1982ರಲ್ಲಿ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು ಮಾಡಿದರು. ಆಮೇಲೆ ಪ್ರಪಂಚವೆಲ್ಲ ಅದನ್ನು ಕೊಂಡಿತು. ನನಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಲದು. ಆದರೆ ಇವತ್ತು ಬೇಡ.

ನಮ್ಮ ದೇಶದಲ್ಲಿ ಈ ಕೆಲಸ ಮೊದಲು ನಡೆದದ್ದು ಕಾನ್ಪುರದ ಐಐಟಿಯಲ್ಲಿ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಶುರುವಾದ ಮೇಲೆ ಅಲ್ಲಿ ಮುಂದುವರಿಯಿತು. ಕಾರ್ಡನ್ನು ಪಿಸಿಯೊಳಗೆ ಹಾಕಿದರೆ ಇಂಗ್ಲಿಷಿಗೆಂದು ಮಾಡಿದ ಸಾಫ್ಟ್‌ವೇರುಗಳಾದ ವರ್ಡ್‌ಸ್ಟಾರ್, ಡಿಬೇಸ್, ಲೋಟಸ್, ಎಲ್ಲವೂ ಕನ್ನಡ ತೋರಿಸುತ್ತಿದ್ದವು. ಡಿಬೇಸಿಗೆ ತಾನು ಕನ್ನಡ ಬರೆಯುತ್ತಿದ್ದೇನೆ ಅಂತ ಗೊತ್ತೇ ಇರಲಿಲ್ಲ! ಅದರ ಪಾಲಿಗೆ ಅವು ಬರೀ ಸಂಖ್ಯೆಗಳು. ಆ ಸಂಖ್ಯೆಗಳ ಪಟ್ಟಿಗೆ ಇಸ್ಕಿ ಅಂತ ಹೆಸರು. ನಿಮ್ಮ ಮೊಬೈಲಿನ ಕನ್ನಡಕ್ಕೆ ಯೂನಿಕೋಡ್ ಇದೆಯಲ್ಲ, ಅದರಲ್ಲಿ ನಮ್ಮ ಅಕ್ಷರಗಳನ್ನು ಕೂರಿಸಿದ್ದೇ 1988ರ ಇಸ್ಕಿಯನ್ನು ನೋಡಿಕೊಂಡು.

ಈಗ ನನ್ನ ಕತೆ ಹೇಳಲೇಬೇಕು. ಅದಿಲ್ಲದೆ ನನ್ನ ಮಾತಿಗೆ ತೂಕ ಇಲ್ಲ.

1993ನೇ ಇಸವಿ. ನಾನು ಕಂಪ್ಯೂಟರ್ ರಿಪೇರಿಯವನು. ಹೆಗಲಿಗೆ ಚೀಲ, ಕೆಂಪು ಬಸ್ಸು, ಊರೂರು. ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಒಂದು ಪ್ರೆಸ್ಸು. ಅವರು ಒಂದು ಮಾಸಪತ್ರಿಕೆ ಅಚ್ಚು ಹಾಕಿ ಚಂದಾದಾರರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ವಿಳಾಸಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ತುಂಬಬೇಕು ಅಂತ ಮಾಲೀಕರ ಆಸೆ. ಎರಡು ಜಿಸ್ಟ್ ಕಾರ್ಡು ತರಿಸಿದ್ದರು. ಹಾಕಿಕೊಡಲು ನಾನು ಹೋದೆ.

ಅಲ್ಲಿ ಒಬ್ಬ ಹಿರಿಯ ಅಚ್ಚುಮೊಳೆ ಜೋಡಿಸುವವರಿದ್ದರು. ಮೂವತ್ತು ವರ್ಷ ಸೀಸದ ಮೊಳೆ ಹಿಡಿದು ಬೆರಳ ತುದಿ ಕಪ್ಪಾಗಿತ್ತು. ನಾನು ಕಾರ್ಡು ಹಾಕಿ, ಡಬ್ಬ ಮುಚ್ಚಿ, ಸ್ವಿಚ್ಚು ಹಾಕಿದೆ. ಅಂಬರ್ ಬಣ್ಣದ ಪರದೆಯ ಮೇಲೆ ಕನ್ನಡ ಬಂತು. ಮಾಲೀಕರು ತಮ್ಮ ಹೆಸರು ಹೊಡೆಸಿ ನೋಡಿದರು, ಖುಷಿಪಟ್ಟರು. ಹಿರಿಯರು ಮಾತ್ರ ಕೈಕಟ್ಟಿ ನಿಂತೇ ಇದ್ದರು. ಕೊನೆಗೆ ಹೇಳಿದರು: "ಅದೆಲ್ಲ ಸರಿ. ಜ್ಯೋತ್ಸ್ನಾ ಅಂತ ಹೊಡಿ ನೋಡೋಣ."

ಯಾಕೆ ಅಂತ ಆಮೇಲೆ ಗೊತ್ತಾಯಿತು. ತ ಅಕ್ಷರ, ಅದಕ್ಕೆ ಸ ಒತ್ತು, ಅದಕ್ಕೆ ಮತ್ತೆ ನ ಒತ್ತು. ಸೀಸದಲ್ಲಿ ಅಷ್ಟು ಸಣ್ಣ ಮೊಳೆಗಳು ಅಲುಗಾಡುತ್ತವೆ, ಉದುರುತ್ತವೆ. ಯಾವುದೋ ಮದುವೆ ಕಾಗದದಲ್ಲಿ ಮದುಮಗಳ ಹೆಸರಿನ ಒತ್ತು ಉದುರಿ, ಎರಡೂ ಕಡೆಯವರಿಂದ ಬೈಸಿಕೊಂಡಿದ್ದರಂತೆ. ಆವತ್ತಿನಿಂದ ಆ ಹೆಸರು ಕಂಡರೆ ಅವರಿಗೆ ಚಳಿ.

ನಾನು ಹೊಡೆದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಜ್ಯೋತ್ಸ್ನಾ ಬರೆಯಲು ಸರಿಯಾಗಿ ಹತ್ತು ಕೀಲಿ. ತ ಬಂತು. ಅದರ ಕೆಳಗೆ ಸ ಒತ್ತು ಕೂತಿತು. ಅದರ ಬುಡದಲ್ಲಿ ನ ಒತ್ತೂ ಕೂತಿತು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಸ್ವಲ್ಪ ಜಂಬದಿಂದ ಲಿಪಿ ಬದಲಾಯಿಸಿದೆ. ಅದೇ ಹೆಸರು ತೆಲುಗಿಗೆ ತಿರುಗಿತು. ಇಸ್ಕಿಯಲ್ಲಿ ಕನ್ನಡದ ಕ ಅಕ್ಷರಕ್ಕೂ ತೆಲುಗಿನ ಕ ಅಕ್ಷರಕ್ಕೂ ಒಂದೇ ಸಂಖ್ಯೆ, ಹಾಗಾಗಿ. ಅವರು ಥಟ್ಟನೆ, "ಬೇಡ ಬೇಡ, ಮೊದಲಿನ ಹಾಗೇ ಮಾಡು" ಅಂದರು. ಸಿಕ್ಕಿದ್ದು ಎಲ್ಲಿ ಕಳೆದುಹೋಗುತ್ತದೋ ಅಂತ ಭಯ!

ಆಮೇಲೆ ವಿಂಡೋಸ್ ಬಂತು. ಬರೀ ಸಾಫ್ಟ್‌ವೇರ್ ಹಾಕಿದರೆ ಕನ್ನಡ ಬರುವ ಕಾಲ ಬಂತು. ಕಾರ್ಡುಗಳು ಮೂಲೆ ಸೇರಿದವು. ಎಷ್ಟೋ ವರ್ಷ ಕಳೆದ ಮೇಲೆ ಪ್ರೆಸ್ಸು ಮುಚ್ಚುವಾಗ ಮಾಲೀಕರ ಮಗ ಫೋನು ಮಾಡಿ, ನಿಮ್ಮ ಎರಡೂ ಕಾರ್ಡು ಇಲ್ಲಿವೆ, ತಗೊಂಡು ಹೋಗಿ ಅಂದ.

ಎರಡೂ ಅಂದೆನಲ್ಲ. ಈಗ ನನ್ನ ಹತ್ತಿರ ಇರುವುದು ಒಂದೇ.

ಮೊದಲನೆಯದನ್ನು ನಾನೇ ಕೊಂದೆ. ಆಗ ನನ್ನ ಬಳಿ ಒಂದು ಭರ್ಜರಿ ಎಟಿ ಮಾದರಿಯ ಕಂಪ್ಯೂಟರು ಇತ್ತು. ವಿದೇಶಿ ಕಂಪನಿಯದ್ದು, ಹೆಸರು ಬೇಡ. ಕಬ್ಬಿಣದ ಡಬ್ಬ, ಎತ್ತಲು ಇಬ್ಬರು ಬೇಕು. ಇಂಥ ಕಾರ್ಡಿಗೆ ಇಂಥ ಅರಮನೆಯೇ ಆಗಬೇಕು ಅಂದುಕೊಂಡೆ. ಅಳೆಯಲಿಲ್ಲ, ಸುಮ್ನೆ ಹಾಕಿದೆ, ಸ್ವಿಚ್ಚು ಒತ್ತಿದೆ. ಎರಡು ಸೆಕೆಂಡು. ಸುಟ್ಟ ಮೀನಿನ ವಾಸನೆ. ಪವರ್ ಸಪ್ಲೈ ಒಳಗಿನ ಕೆಪ್ಯಾಸಿಟರುಗಳು ಒಣಗಿದ್ದವು. 5 ವೋಲ್ಟು ಬರಬೇಕಾದ ತಂತಿಯಲ್ಲಿ 7 ವೋಲ್ಟಿನ ಹತ್ತಿರ ಬರುತ್ತಿತ್ತು. ಮದರ್‌ಬೋರ್ಡೂ ಹೋಯಿತು, ಕಾರ್ಡೂ ಹೋಯಿತು. ಮದರ್‌ಬೋರ್ಡು ಇನ್ನೊಂದು ಸಿಗುತ್ತದೆ ಬಿಡಿ.

ಅದಕ್ಕೇ ಹೇಳುವುದು. ಬಾಡಿಗೆ ಮನೆ ನೋಡಲು ಹೋದಾಗ ಮುಂಬಾಗಿಲ ಕೆತ್ತನೆ ನೋಡುತ್ತೀರಾ, ನಲ್ಲಿ ತಿರುಗಿಸಿ ನೋಡುತ್ತೀರಾ? ಕಾರ್ಡು ಅಪರೂಪದ್ದಾದರೆ ಕಂಪ್ಯೂಟರು ಸಾಧಾರಣದ್ದಿರಲಿ.

ಯಾವುದು ಸಾಧಾರಣ? ನನ್ನ ಆಯ್ಕೆ ಎಕ್ಸ್‌ಟಿ ಮಾದರಿಯದು. 1983ರ ಐಬಿಎಂ ಎಕ್ಸ್‌ಟಿಯನ್ನು ನೋಡಿ ಯಾರ್‍ಯಾರೋ ಜೋಡಿಸಿದ ನಕಲು ಪೆಟ್ಟಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಟ್ಟಿದ್ದಾದರೂ ಪರವಾಗಿಲ್ಲ. ಅದರಲ್ಲಿ ಕಾರ್ಡು ಕೂರಿಸಲು 8 ಸ್ಲಾಟು. ನನ್ನ ಕಾರ್ಡಿನ ಅಂಚಿನಲ್ಲಿ ಒಂದೊಂದು ಬದಿಗೆ 31 ಬಂಗಾರದ ಹಲ್ಲು, ಅದಕ್ಕೆ ಸರಿಯಾದ ಸ್ಲಾಟು ಅದು. ವೇಗ ಕಡಿಮೆ, ಆದರೆ ಕಾರ್ಡು ಹುಟ್ಟಿದ್ದೇ ಆ ವೇಗದವರ ಜೊತೆ. ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು, ಎಕ್ಸ್‌ಟಿಯ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಸೆಲ್ಲು ಇರುವುದಿಲ್ಲ. ಆಮೇಲೆ ಬಂದ 386, 486 ಕಂಪ್ಯೂಟರುಗಳ ಎಷ್ಟೋ ಬೋರ್ಡುಗಳಲ್ಲಿ ನೀಲಿ ಬಣ್ಣದ ಒಂದು ಸೆಲ್ಲನ್ನು ಬೆಸುಗೆ ಹಾಕಿರುತ್ತಾರೆ. ಅದು ಸೋರಿ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕುತ್ತದೆ. ತೆರೆದು ನೋಡಿದರೆ ಹಸಿರು ಪಾಚಿ ಕಟ್ಟಿದ ಹಾಗೆ.

"ಸಾರ್, 486 ವೇಗ ಅಲ್ವಾ?" ಅಂತ ಕೇಳುತ್ತಾರೆ. ಹೌದಪ್ಪ, ವೇಗ. ವಿಳಾಸ ಬರೆಯಲು ಎಷ್ಟು ವೇಗ ಬೇಕು?

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಕಾರ್ಡು ಹಾಕುವ ಮೊದಲು ಪವರ್ ಸಪ್ಲೈ ಅಳೆಯಿರಿ. ಬರಿದೇ ಅಲ್ಲ, ಒಂದು ಹಳೆಯ ಡಿಸ್ಕನ್ನು ಹೊರೆಯಾಗಿ ಜೋಡಿಸಿ. 5 ವೋಲ್ಟು ಅಂದರೆ 5, ಕಾಲು ವೋಲ್ಟಿಗಿಂತ ಜಾಸ್ತಿ ಆಚೀಚೆ ಆಗಬಾರದು. ಮದರ್‌ಬೋರ್ಡಿಗೆ ಹೋಗುವ ಎರಡು ಪ್ಲಗ್ಗುಗಳಲ್ಲಿ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ತಿರುಗುಮುರುಗು ಹಾಕಿದರೆ ದೇವರೇ ಗತಿ. ಮೊದಲು ಯಾವುದಾದರೂ ಅಗ್ಗದ ಕಾರ್ಡು ಹಾಕಿ ಒಂದು ದಿನ ಓಡಿಸಿ. ಆಮೇಲೆ ಇದು.

ಮಾನಿಟರು ನೋಡಿಕೊಳ್ಳಿ. ಹರ್ಕ್ಯುಲಿಸ್ ಕಾಲದ ಒಂದೇ ಬಣ್ಣದ ಮಾನಿಟರೇ ಬೇರೆ, ಬಣ್ಣದ ಸಿಜಿಎ ಮಾನಿಟರೇ ಬೇರೆ. ಎರಡಕ್ಕೂ 9 ಪಿನ್ನಿನ ಪ್ಲಗ್ಗೇ, ಸಲೀಸಾಗಿ ಕೂರುತ್ತದೆ, ಅದೇ ಮೋಸ. ತಪ್ಪು ಜೋಡಿ ಮಾಡಿದರೆ ಮಾನಿಟರು ಸುಡಬಹುದು.

ಇನ್ನು ಕಾರ್ಡಿನ ಜೊತೆ ಬಂದ ಫ್ಲಾಪಿ. 360 ಕೆಬಿಯದ್ದಾದರೆ ಅದನ್ನು ಎಟಿಯ 1.2 ಎಂಬಿ ಡ್ರೈವಿನಲ್ಲಿ ಓದಿ, ಆದರೆ ಬರೆಯಲು ಹೋಗಬೇಡಿ. ಆ ಡ್ರೈವಿನ ತಲೆ ಸಣ್ಣದು, ಸಣ್ಣ ಗೆರೆ ಎಳೆಯುತ್ತದೆ, ಆಮೇಲೆ ಎಕ್ಸ್‌ಟಿಯ ಹಳೆಯ 360 ಕೆಬಿ ಡ್ರೈವಿಗೆ ಓದಲು ಬರುವುದಿಲ್ಲ. ನೋಡಿ, ಇಲ್ಲೂ ಎಕ್ಸ್‌ಟಿಯೇ ಗೆದ್ದಿತು. ಕಾರ್ಡಿನ ಮೇಲೆ ಕಿಟಕಿ ಇರುವ ಚಿಪ್ಪಿದ್ದರೆ ಅದರ ಮೇಲಿನ ಸ್ಟಿಕ್ಕರು ಕೀಳಬೇಡಿ. ಬೆಳಕು ಬಿದ್ದು ಬಿದ್ದು ಒಳಗಿನದು ಅಳಿಸಿಹೋಗುತ್ತದೆ. ಓದುವ ಸಾಧನ ಇದ್ದವರಿಂದ ಅದನ್ನು ನಕಲು ಮಾಡಿಸಿಟ್ಟುಕೊಳ್ಳಿ.

ನನ್ನ ಎರಡನೆಯ ಕಾರ್ಡು ಈಗ ಸಂಡೆ ಬಜಾರಿನಲ್ಲಿ ಸಿಕ್ಕ ಒಂದು ಹೆಸರಿಲ್ಲದ ಎಕ್ಸ್‌ಟಿಯಲ್ಲಿ ಇದೆ. ಡಬ್ಬಕ್ಕೆ ತುಕ್ಕು ಹಿಡಿದಿದೆ. ಮೊದಲ ದಿನ ಏನು ಹೊಡೆದೆ ಅಂತ ಕೇಳಬೇಕಾಗಿಲ್ಲ, ಅಲ್ವಾ? ಹತ್ತೂ ಕೀಲಿ ಬೆರಳಿಗೆ ನೆನಪಿದ್ದವು.

ಆಯಿತು, ಮುಗಿಸುತ್ತೇನೆ. ಅಟ್ಟದ ಮೇಲೆ 386 ಇದ್ದವರು ದಯವಿಟ್ಟು ಇವತ್ತೇ ಇಳಿಸಿ ಆ ನೀಲಿ ಸೆಲ್ಲು ಕಿತ್ತುಹಾಕಿ. ನಾಳೆ ಅನ್ನಬೇಡಿ. ನಮಸ್ಕಾರ.