ಮಿಕ್ಕಿಯ ಅಣಕ: ಎಷ್ಟು ನಕಲು ಮಾಡಿದರೆ ಕೇಸು?

ಕೇಳುಗರಿಗೆ ನಮಸ್ಕಾರ.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 'ಅಂಡರ್‌ಗ್ರೌಂಡ್' ಕಾಮಿಕ್ಸ್ (ದೊಡ್ಡ ಪ್ರಕಾಶಕರ ಹಂಗಿಲ್ಲದೆ ಹೊರಬರುವ ಬಂಡಾಯದ ಕಾಮಿಕ್ಸ್) ಕಲಾವಿದರ ಗುಂಪೊಂದು 'ಏರ್ ಪೈರೇಟ್ಸ್ ಫನ್ನೀಸ್' ಎಂಬ ಕಾಮಿಕ್ಸ್ ಪುಸ್ತಕ ಹೊರತಂದಿತು. ಗುಂಪಿನ ಮುಂದಾಳು ಡಾನ್ ಓನೀಲ್. ಅದರಲ್ಲಿ ಮಿಕ್ಕಿ ಮೌಸ್, ಮಿನ್ನಿ ಮಾದಕ ವಸ್ತು ಸೇವಿಸುತ್ತಾರೆ, ಲಜ್ಜೆಬಿಟ್ಟು ಕಾಮಕೇಳಿ ನಡೆಸುತ್ತಾರೆ. ಬಂದದ್ದು ಎರಡೇ ಸಂಚಿಕೆ. ಅಕ್ಟೋಬರ್‌ನಲ್ಲಿ ಮಿಕ್ಕಿಯ ಒಡೆತನದ ಡಿಸ್ನಿ ಕಂಪನಿ ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್ (ವ್ಯಾಪಾರದ ಗುರುತು) ಎರಡರ ಉಲ್ಲಂಘನೆ ಎಂದು ದಾವೆ ಹೂಡಿತು, ಮರುವರ್ಷ ತಡೆಯಾಜ್ಞೆ ಬಂತು.

ಅಶ್ಲೀಲದಿಂದ ಅವರು ಸೋತರು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅವರನ್ನು ಕೆಡವಿದ್ದು ಅವರ ಕೈಚಳಕ. 1930ರ ದಶಕದ ಪತ್ರಿಕೆಗಳ ಮಿಕ್ಕಿ ಕಾಮಿಕ್ ಸ್ಟ್ರಿಪ್‌ನ ಶೈಲಿಯನ್ನೇ ಹಿಡಿದು ದುಂಡು ಕಿವಿ, ಕೈಗವಸು, ಗುಂಡಿಯ ಚಡ್ಡಿ ಎಲ್ಲವನ್ನೂ ಹಾಗೇ ಇಳಿಸಿದ್ದರು. ಹೆಸರೂ ಅದೇ. ಹದವಾದ ಅಣಕಕ್ಕೆ ಅಚ್ಚುಕಟ್ಟಾದ ನಕಲೇ ಬೇಕು ಎಂಬುದು ಅವರ ವಾದ.

1978ರಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮೂಲ ಪಾತ್ರ ಓದುಗನ ನೆನಪಿಗೆ ಬರುವಷ್ಟು ಮಾತ್ರ ತೆಗೆದುಕೊಳ್ಳಬಹುದು. ಮಿಕ್ಕಿಯನ್ನು ಎಲ್ಲರೂ ಬಲ್ಲರು, ಹಾಗಾಗಿ ಅದಕ್ಕೆ ಸ್ವಲ್ಪವೇ ಸಾಕು ಎಂದಿತು. ಪಾತ್ರ ಹೆಚ್ಚು ಪ್ರಸಿದ್ಧವಾದಷ್ಟೂ ನಕಲಿಗೆ ಸಿಗುವ ಸಡಿಲ ಕಡಿಮೆ! ಇನ್ನೊಂದು ಏಟೂ ಬಿತ್ತು. ಇವರು ಅಣಕಿಸಿದ್ದು ಮಿಕ್ಕಿಯ ಮುಗ್ಧತೆಯನ್ನು, ರೂಪವನ್ನಲ್ಲ. ಹಾಗಿದ್ದ ಮೇಲೆ ರೂಪವನ್ನು ಇಡಿಯಾಗಿ ಎತ್ತುವ ಅಗತ್ಯವೇನು? ಈ ಪ್ರಶ್ನೆಗೆ ಅವರ ಬಳಿ ಗಟ್ಟಿ ಉತ್ತರವಿರಲಿಲ್ಲ ಎಂದೇ ನನ್ನ ಅನಿಸಿಕೆ. ಕಾದಂಬರಿಯ ಪಾತ್ರ ಓದುಗನ ಕಲ್ಪನೆಯಲ್ಲಿ ಮಸುಕಾಗಿರುತ್ತದೆ, ಚಿತ್ರದ ಪಾತ್ರಕ್ಕೆ ಮೈಕಟ್ಟೇ ಇದೆ. ಅದಕ್ಕೇ ಅದರ ಕೃತಿಸ್ವಾಮ್ಯದ ರಕ್ಷಣೆ ಗಟ್ಟಿ.

ಟ್ರೇಡ್‌ಮಾರ್ಕ್ ದೂರು ಮಾತ್ರ ಕೆಳಗಿನ ಕೋರ್ಟಿಗೆ ವಾಪಸಾಯಿತು. ಓನೀಲ್ ಸುಮ್ಮನಿರದೆ 1979ರಲ್ಲಿ ಮತ್ತೆ ಮಿಕ್ಕಿಯನ್ನು ಬರೆದರು. ಡಿಸ್ನಿಗೆ ಅದು ತಲೆನೋವಾಯಿತು. 1980ರಲ್ಲಿ ರಾಜಿ: ಅವರು ಇನ್ನು ಮಿಕ್ಕಿಯನ್ನು ಬರೆಯಕೂಡದು, ಕಂಪನಿ ಪರಿಹಾರದ ಹಣಕ್ಕೆ ಬೆನ್ನುಹತ್ತದು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಟೀಕೆ-ವಿಮರ್ಶೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ, ಅಣಕವನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಅಣಕಚಿತ್ರ ಬರೆಯುವವರು ಒಂದೆರಡು ಗುರುತು ಮಾತ್ರ ಉಳಿಸಿಕೊಂಡು ಮೈ, ಮುಖ, ಉಡುಪು ಬದಲಿಸುವುದು ಕ್ಷೇಮ. ಮೂಲದ ಶೀರ್ಷಿಕೆಯ ಅಕ್ಷರಶೈಲಿಯನ್ನು ಮುಖಪುಟಕ್ಕೆ ತರಲೇಬೇಡಿ. ಕೊಳ್ಳುವವನು ಅದನ್ನು ಮೂಲ ಕಂಪನಿಯದೇ ಎಂದು ನಂಬಿದರೆ ಟ್ರೇಡ್‌ಮಾರ್ಕ್ ಕೇಸೂ ಸೇರಿಕೊಳ್ಳುತ್ತದೆ.

1928ರ 'ಸ್ಟೀಮ್‌ಬೋಟ್ ವಿಲ್ಲಿ' ಎಂಬ ಅನಿಮೇಷನ್ ಕಿರುಚಿತ್ರದ ಮಿಕ್ಕಿ ಅಮೆರಿಕದಲ್ಲಿ 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು, ಅಂದರೆ ಅದರ ಕೃತಿಸ್ವಾಮ್ಯದ ಅವಧಿ ಮುಗಿದಿದೆ. ಆ ಚಿತ್ರದ ಮಿಕ್ಕಿಗೆ ಕೈಗವಸಿಲ್ಲ. ನಂತರದ ಯಾವ ರೂಪವನ್ನು ತೆಗೆದುಕೊಂಡರೂ ಅದು ಮೊದಲು ಬಂದ ವರ್ಷವನ್ನು ನೋಡಿಕೊಳ್ಳಬೇಕು. ಬಳಕೆಯಲ್ಲಿರುವ ಟ್ರೇಡ್‌ಮಾರ್ಕ್‌ಗಾದರೋ ಇಂಥ ಗಡುವೇ ಇಲ್ಲ.

ನಮಸ್ಕಾರ.