ಅತ್ತೆ ಬಂದರೆ ಅಳಿಯನಿಗೆ ಮುಸುಕು

ಕೇಳುಗರೇ, ನಮಸ್ಕಾರ.

ನಮ್ಮ ಹಳ್ಳಿಗಳ ಕಡೆ ಅಳಿಯ ಬಾಗಿಲಿಗೆ ಬಂದರೆ ಅತ್ತೆ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ, ಅಲ್ವಾ? ಇದು ಪೂರಾ ಉಲ್ಟಾ ಇರುವ ಮನೆಯೊಂದರಲ್ಲಿ ನಾನು ಬಕ್ರೀದ್ ಮಾಡಿದ್ದೇನೆ.

ಊರು ಅಗದೇಜ್. ಆಫ್ರಿಕಾದ ನೈಜರ್ ದೇಶದಲ್ಲಿ, ಸಹಾರಾ ಮರಳುಗಾಡಿನ ಅಂಚಿನಲ್ಲಿದೆ. ಹಳೇ ಊರೆಲ್ಲ ಮಣ್ಣಿನ ಮನೆಗಳೇ. 1515ರಲ್ಲಿ ಕಟ್ಟಿದ ಮಸೀದಿಯ ಗೋಪುರ ಸುಮಾರು 27 ಮೀಟರ್ ಎತ್ತರ, ಅದೂ ಮಣ್ಣಿನದೇ. ಮೈತುಂಬ ಮರದ ಗೂಟ ಚಾಚಿಕೊಂಡು ಮುಳ್ಳುಹಂದಿಯ ಹಾಗೆ ಕಾಣುತ್ತದೆ. ಕೈಪಂಪಿನ ಕೆಲಸಕ್ಕೆ ಹೋದ ನಾನು ಅಲ್ಲಿ ತುವಾರೆಗ್ ಎಂಬ ಸಹಾರಾ ಜನಾಂಗದ ಒಂದು ಕುಟುಂಬದ ಜೊತೆ ಇದ್ದೆ.

ತುವಾರೆಗರಲ್ಲಿ ಮುಖ ಮುಚ್ಚಿಕೊಳ್ಳುವವರು ಗಂಡಸರು. ಹೆಂಗಸರ ಮುಖ ಬಿಡುಬೀಸು. ಗಂಡಸರು ಕೆಲವು ಮೀಟರ್ ಉದ್ದದ ಬಟ್ಟೆಯನ್ನು ತಲೆಗೂ ಮುಖಕ್ಕೂ ಸುತ್ತಿಕೊಳ್ಳುತ್ತಾರೆ. ಅದರ ಹೆಸರು ತಗೆಲ್ಮುಸ್ತ್. ಧೂಳಿಗೆ ಇರಬೇಕು ಅಂದುಕೊಂಡಿದ್ದೆ. ಧೂಳಿಗೂ ಹೌದು. ಆದರೆ ಮನೆಯೊಳಗೆ ಎಂಥ ಧೂಳು? ಅವರ ಮಾತಿನಲ್ಲಿ 'ತಕರಕಿತ್' ಅಂತ ಒಂದಿದೆ. ನಾಚಿಕೆ, ಸಂಕೋಚ, ಮರ್ಯಾದೆ ಎಲ್ಲ ಅದರಲ್ಲೇ ಬಂತು. ದೊಡ್ಡವರ ಎದುರು ಬಾಯಿ ತೋರಿಸುವುದು ಮರ್ಯಾದೆ ಅಲ್ಲ. ಎರಡು ತಿಂಗಳಾದರೂ ನಮ್ಮ ಯಜಮಾನರ ಬಾಯಿ ನಾನು ನೋಡಿರಲಿಲ್ಲ!

ಬಕ್ರೀದಿಗೆ ಅಲ್ಲಿ ತಬಸ್ಕಿ ಅಂತಾರೆ. 2004ರಲ್ಲಿ ಅದು ಫೆಬ್ರವರಿ ಮೊದಲಿಗೇ ಬಂದಿತ್ತು. ಬೆಳಗ್ಗೆ ಮೈ ನಡುಗುವ ಚಳಿ. ಊರಾಚೆ ಬಯಲಲ್ಲಿ ನಮಾಜು. ಆಮೇಲೆ ತಮಟೆ ಸದ್ದಿನ ನಡುವೆ ಸುಲ್ತಾನರ ಕುದುರೆ ಸವಾರರು ಧೂಳೆಬ್ಬಿಸಿಕೊಂಡು ಬಂದರು. ಮನೆಯಲ್ಲಿ ಟಗರು ಕೊಯ್ದರು. ಇಡೀ ಟಗರನ್ನು ಕೋಲಿಗೆ ಅಗಲಿಸಿ ಕಟ್ಟಿ, ಬೆಂಕಿಯ ಸುತ್ತ ಬೇಲಿ ಹಾಕಿದ ಹಾಗೆ ನಿಲ್ಲಿಸುತ್ತಾರೆ. ಬೇಯಲು ಗಂಟೆಗಟ್ಟಲೆ ಬೇಕು. ಈಲಿ ಮಾತ್ರ ಮೊದಲೇ ಸುಟ್ಟು ಹಂಚಿದರು. ನಾನು ಮಾಂಸ ತಿನ್ನುವವನಲ್ಲ. 'ಪಾಪ, ಹೊಟ್ಟೆ ಸರಿ ಇಲ್ಲವೇನೋ' ಅನ್ನುವ ಹಾಗೆ ನೋಡಿ, ಸಜ್ಜೆ, ಖರ್ಜೂರ, ಆಡಿನ ಹಾಲಿನ ಚೀಸ್ ಕುಟ್ಟಿ ನೀರಲ್ಲಿ ಕಲಸಿದ ಎಘಜೀರ ಕೊಟ್ಟರು. ನನಗೇನೋ ಅದೇ ಹಬ್ಬದೂಟ.

ಆ ಹೊತ್ತಿಗೆ ಯಜಮಾನರ ಅತ್ತೆ ಬಂದರು. ಯಜಮಾನರ ಬಾಯಿ ಮೇಲಿದ್ದ ಬಟ್ಟೆ ಸರಕ್ಕನೆ ಮೂಗಿನ ಮೇಲೇರಿತು. ಕಣ್ಣಷ್ಟೇ ಉಳಿಯಿತು. ಅವರು ಸುಮ್ನೆ ಜರುಗಿ ದೂರದ ಚಾಪೆಯಲ್ಲಿ ಕೂತರು. ಚಹಾ ಬಂದಾಗ ಲೋಟ ಮುಸುಕಿನೊಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು. ಒಂದು ಹನಿ ಬೀಳಲಿಲ್ಲ.

ಅವತ್ತು ನನಗೂ ಒಂದು ತಗೆಲ್ಮುಸ್ತ್ ಕಟ್ಟಿದ್ದರು. ಅಲೆಶು ಎನ್ನುವ ದುಬಾರಿ ಬಟ್ಟೆ. ನೈಜೀರಿಯಾದ ಕಾನೋ ಹತ್ತಿರ ಕೂರಾದಲ್ಲಿ ತಯಾರಾಗುತ್ತದೆ. ಬಟ್ಟೆಗೆ ನೀಲಿಯನ್ನು ಬಡಿದು ಬಡಿದು ಕೂರಿಸುತ್ತಾರೆ, ಲೋಹದ ಹಾಗೆ ಮಿರುಗುತ್ತದೆ. ಆ ನೀಲಿ ಮೈಗೂ ಹತ್ತುತ್ತದೆ. ಹಬ್ಬದಲ್ಲಿ ಅದೇ ಅಂದ.

ನಾನೂ ಅವರಂತೆಯೇ ಲೋಟವನ್ನು ಮುಸುಕಿನೊಳಗೆ ತೂರಿಸಿದೆ. ಬಿಸಿ ಚಹಾ ಎದೆ ಮೇಲೆ! ಗಾಬರಿಯಲ್ಲಿ ಮುಸುಕು ಕಿತ್ತು ಬಾಯಿ ಒರೆಸಿಕೊಂಡೆ. ಮೂಗಿನಿಂದ ಗಲ್ಲದವರೆಗೆ ಕಡುನೀಲಿ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ನಕ್ಕರೋ ಇಲ್ಲವೋ ಕಾಣಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು.